18 ದಿನಗಳ ಟೂರ್ನಿಯಿಂದ 14 ವಾರಗಳ ಲೀಗ್‌ವರೆಗೆ: ಇಂಡಿಯನ್ ವಿಮೆನ್ಸ್ ಲೀಗ್ ಕುರಿತ ಪ್ರಕರಣ ಅಧ್ಯಯನ

2017ರ ಜನವರಿ 28ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ, ದೇಶದ ಮಹಿಳಾ ಫುಟ್‌ಬಾಲ್ ಕ್ಲಬ್‌ಗಳ ಸ್ಪರ್ಧೆಯಾದ ಇಂಡಿಯನ್ ವಿಮೆನ್ಸ್ ಲೀಗ್‌ನ ಮೊದಲ ಆವೃತ್ತಿಯ ಅಂತಿಮ ಸುತ್ತು ಆರಂಭವಾಯಿತು. ಫೆಬ್ರುವರಿ 14ರಂದು ಫೈನಲ್ ನಡೆದು ಅದು ಮುಗಿದೇ ಹೋಯಿತು. ಅದೇ ಲೀಗ್‌ನ ಎಂಟನೇ ಆವೃತ್ತಿ 2025ರ ಜನವರಿ 10ಕ್ಕೆ ಶುರುವಾಗಿ ಏಪ್ರಿಲ್ 18ರವರೆಗೆ ಬೇರೆ ಬೇರೆ ರಾಜ್ಯಗಳ ಅಂಗಣಗಳಲ್ಲಿ ನಡೆಯಿತು. ಮೊದಲನೆಯದು 18 ದಿನಗಳ ಟೂರ್ನಿ, ಎರಡನೆಯದು 14 ವಾರಗಳ ಲೀಗ್. ಈ ಎರಡರ ನಡುವೆ ಏನೇನು ನಡೆಯಿತು, ಯಾವ ತೀರ್ಮಾನ ಆಟಗಾರ್ತಿಯರಿಗೆ ಒಳಿತು ಮಾಡಿತು, ಯಾವುದು ಅವರ ವರ್ಷಗಳನ್ನೇ ನುಂಗಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಲೀಗೊಂದು ಬೆಳೆದಿದೆಯೇ ಎಂದು ಕೇಳಿದಾಗ ಸಾಮಾನ್ಯವಾಗಿ ತಂಡಗಳ ಸಂಖ್ಯೆಯನ್ನೋ ಪ್ರಾಯೋಜಕರ ಹೆಸರನ್ನೋ ಬಹುಮಾನದ ಮೊತ್ತವನ್ನೋ ಮುಂದಿಡುತ್ತಾರೆ. ಈ ಪ್ರಕರಣದಲ್ಲಿ ಆ ಲೆಕ್ಕಗಳು ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಒಬ್ಬ ಆಟಗಾರ್ತಿಗೆ ವರ್ಷದಲ್ಲಿ ಎಷ್ಟು ತಿಂಗಳು ಆಟವೇ ಕೆಲಸವಾಗಿರುತ್ತದೆ, ಅಂದರೆ ಸಂಬಳ, ತರಬೇತಿ, ವಾರಕ್ಕೊಂದು ಪಂದ್ಯ ಹಾಗೂ ತನ್ನದೆಂದು ಹೇಳಿಕೊಳ್ಳುವ ಒಂದು ಅಂಗಣ ಎಷ್ಟು ಕಾಲ ಅವಳಿಗೆ ದಕ್ಕುತ್ತವೆ ಎಂಬುದೇ ಸರಿಯಾದ ಅಳತೆ. ಆ ಅಳತೆಯಿಂದ ನೋಡಿದರೆ ಈ ಲೀಗ್‌ನ ಇತಿಹಾಸ ಅಂಕಿಗಳ ಪಟ್ಟಿ ತೋರಿಸುವುದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ.

ಲೀಗ್ ಇಲ್ಲದ ಕಾಲ

ಭಾರತದ ಮಹಿಳೆಯರು ಫುಟ್‌ಬಾಲ್‌ಗೆ ಹೊಸಬರೇನಲ್ಲ. 1975ರಲ್ಲಿಯೇ ಮಹಿಳಾ ಫುಟ್‌ಬಾಲ್‌ಗೆ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿಕೊಂಡಿತ್ತು. 1980ರಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿಯೂ 1983ರಲ್ಲಿ ಬ್ಯಾಂಕಾಕ್‌ನಲ್ಲಿಯೂ ಭಾರತ ಫೈನಲ್ ತಲುಪಿ ರನ್ನರ್ಸ್ ಅಪ್ ಆಗಿತ್ತು. ತೊಂಬತ್ತರ ದಶಕದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಹಿಳಾ ಫುಟ್‌ಬಾಲ್‌ನ ಹೊಣೆಯನ್ನು ತಾನೇ ವಹಿಸಿಕೊಂಡಿತು. ಆ ಬಳಿಕವೂ ದೇಶದೊಳಗಿನ ಸ್ಪರ್ಧೆಯೆಂದರೆ ಮುಖ್ಯವಾಗಿ ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮಾತ್ರ. ಅದರಲ್ಲಿ ಮಣಿಪುರ ಇಪ್ಪತ್ತಕ್ಕೂ ಹೆಚ್ಚು ಬಾರಿ ಪ್ರಶಸ್ತಿ ಗೆದ್ದಿದೆ.

ರಾಜ್ಯ ತಂಡ ಟೂರ್ನಿಗೆ ಮೊದಲು ಸೇರುತ್ತದೆ, ಮುಗಿದ ಮೇಲೆ ಚದುರುತ್ತದೆ. ಅದು ಯಾರಿಗೂ ಸಂಬಳ ಕೊಡುವುದಿಲ್ಲ. ಹಾಗಾಗಿ ಒಳ್ಳೆಯ ಆಟಗಾರ್ತಿಯ ಮುಂದೆ ಇದ್ದ ದಾರಿಯೆಂದರೆ ಪೊಲೀಸ್ ಇಲಾಖೆ, ರೈಲ್ವೆ ಅಥವಾ ಅರೆಸೇನಾ ಪಡೆಯಲ್ಲಿ ಕ್ರೀಡಾ ಕೋಟಾದಡಿ ಸಿಗುವ ನೌಕರಿ. ದೇಶದ ಅತ್ಯಂತ ಹೆಸರಾಂತ ಆಟಗಾರ್ತಿ, ಮುಂದೆ 2020ರಲ್ಲಿ ಪದ್ಮಶ್ರೀ ಪಡೆದ ಓಯ್ನಂ ಬೆಂಬೆಂ ದೇವಿ ಅವರೂ ಮಣಿಪುರ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದವರೇ. 2014ರಲ್ಲಿ ಅವರು ವಿದೇಶಿ ಕ್ಲಬ್‌ ಪರವಾಗಿ ಆಡಲು ಹೋದದ್ದು ಮಾಲ್ದೀವ್ಸ್‌ನ ನ್ಯೂ ರೇಡಿಯಂಟ್‌ಗೆ. ನೂರು ಕೋಟಿಗೂ ಹೆಚ್ಚು ಜನರಿರುವ ದೇಶದ ಶ್ರೇಷ್ಠ ಆಟಗಾರ್ತಿ ಕ್ಲಬ್ ಲೀಗ್ ಆಡಲು ಸಣ್ಣ ದ್ವೀಪರಾಷ್ಟ್ರವೊಂದಕ್ಕೆ ಹೋಗಬೇಕಾಯಿತು ಎಂಬ ಒಂದು ಸಂಗತಿಯೇ ಆ ಕಾಲದ ಕೊರತೆಯನ್ನು ಹೇಳುತ್ತದೆ. ಪುರುಷರಿಗೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 1996ರಲ್ಲಿ. ಅದು 2007ರಲ್ಲಿ ಐ-ಲೀಗ್ ಆಯಿತು, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು. ಮಹಿಳೆಯರು ಅಷ್ಟೂ ವರ್ಷ, ಅಂದರೆ ಎರಡು ದಶಕ, ಕಾದರು.

ಊರೂರು ತಿರುಗಿದ ಲೀಗ್

2016ರ ಅಕ್ಟೋಬರ್‌ನಲ್ಲಿ ಕಟಕ್‌ನಲ್ಲಿ ಪ್ರಾಥಮಿಕ ಸುತ್ತು ನಡೆದ ಬಳಿಕ ದೆಹಲಿಯ ಅಂತಿಮ ಸುತ್ತಿಗೆ ಆರು ತಂಡಗಳು ಬಂದವು: ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಕಟಕ್‌ನ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್, ಹರಿಯಾಣದ ಎಫ್‌ಸಿ ಅಲಖ್‌ಪುರ, ಪುದುಚೇರಿಯನ್ನು ಪ್ರತಿನಿಧಿಸಿದ ಜೆಪ್ಪಿಯಾರ್ ಇನ್‌ಸ್ಟಿಟ್ಯೂಟ್, ಐಜ್ವಾಲ್ ಎಫ್‌ಸಿ ಮತ್ತು ಎಫ್‌ಸಿ ಪುಣೆ ಸಿಟಿ. ಈ ಪಟ್ಟಿಯನ್ನು ಗಮನವಿಟ್ಟು ಓದಬೇಕು. ಅಲಖ್‌ಪುರ ಭಿವಾನಿ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಶಾಲಾ ಮೈದಾನದಲ್ಲಿ ಹೆಣ್ಣುಮಕ್ಕಳು ಆಡಿ ಬೆಳೆಸಿದ ಫುಟ್‌ಬಾಲ್ ರಾಷ್ಟ್ರೀಯ ಲೀಗ್‌ನವರೆಗೆ ಬಂದಿತ್ತು. ಇನ್ನೊಂದು ತಂಡ ಎಂಜಿನಿಯರಿಂಗ್ ಕಾಲೇಜಿನದು. ಆಗಿನ ಇಂಡಿಯನ್ ಸೂಪರ್ ಲೀಗ್‌ನ ಎಂಟು ಕ್ಲಬ್‌ಗಳ ಪೈಕಿ ಅಲ್ಲಿದ್ದದ್ದು ಪುಣೆ ಸಿಟಿ ಒಂದೇ. ಹಣವಿದ್ದ ಕ್ಲಬ್‌ಗಳು ಹಿಂದೆ ಸರಿದು ನಿಂತಾಗ ಹಳ್ಳಿ, ಕಾಲೇಜು ಹಾಗೂ ಸ್ಥಳೀಯ ಸಂಘಗಳು ಮುಂದೆ ಬಂದು ಲೀಗ್‌ಗೆ ಜೀವ ಕೊಟ್ಟವು ಎಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು.

ಆರು ತಂಡಗಳು ಪರಸ್ಪರ ಒಂದೊಂದು ಬಾರಿ ಆಡಿ, ಮೊದಲ ನಾಲ್ಕು ತಂಡಗಳು ಸೆಮಿಫೈನಲ್‌ಗೆ ಹೋಗುವ ಏರ್ಪಾಡು ಅದು. ಫೈನಲ್ ತಲುಪಿದ ತಂಡ 18 ದಿನಗಳಲ್ಲಿ ಏಳು ಪಂದ್ಯ ಆಡಬೇಕಿತ್ತು, ಅಂದರೆ ಎರಡು-ಮೂರು ದಿನಕ್ಕೊಂದು ಪಂದ್ಯ. ಫೈನಲ್‌ನಲ್ಲಿ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ 3–0 ಅಂತರದಿಂದ ರೈಸಿಂಗ್ ಸ್ಟೂಡೆಂಟ್ಸ್ ತಂಡವನ್ನು ಸೋಲಿಸಿತು. ಅದೇ ತಂಡದ ಯುಮ್ನಾಂ ಕಮಲಾ ದೇವಿ 12 ಗೋಲುಗಳೊಂದಿಗೆ ಟೂರ್ನಿಯ ಅತ್ಯಧಿಕ ಗೋಲು ಗಳಿಸಿದ ಆಟಗಾರ್ತಿಯಾದರು. ಫೆಬ್ರುವರಿ 15ರ ಬೆಳಿಗ್ಗೆ ಎಲ್ಲ ತಂಡಗಳ ಆಟಗಾರ್ತಿಯರ ಪರಿಸ್ಥಿತಿ ಮತ್ತೆ ಮೊದಲಿನಂತೆಯೇ ಇತ್ತು: ಮುಂದಿನ ಲೀಗ್ ಯಾವಾಗ, ಎಲ್ಲಿ ಎಂಬುದು ಯಾರಿಗೂ ತಿಳಿಯದು.

ಮುಂದಿನ ಎರಡು ಆವೃತ್ತಿಗಳು ಇದೇ ಜಾಡಿನಲ್ಲಿ ಸಾಗಿದವು. 2018ರ ಮಾರ್ಚ್–ಏಪ್ರಿಲ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಏಳು ತಂಡಗಳು ಆಡಿದವು. ರೈಸಿಂಗ್ ಸ್ಟೂಡೆಂಟ್ಸ್ ಹಿಂದಿನ ವರ್ಷದ ಸೋಲಿನ ಸೇಡನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ತೀರಿಸಿಕೊಂಡಿತು. 2019ರ ಮೇ ತಿಂಗಳಲ್ಲಿ ಲುಧಿಯಾನದಲ್ಲಿ 12 ತಂಡಗಳು ಆಡಿದವು, ಮದುರೈನ ಸೇತು ಎಫ್‌ಸಿ 3–1ರಿಂದ ಮಣಿಪುರ ಪೊಲೀಸ್ ತಂಡವನ್ನು ಮಣಿಸಿತು.

ನಾಲ್ಕನೇ ಆವೃತ್ತಿ 2020ರ ಜನವರಿ 24ರಿಂದ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯಿತು. ಕಿಕ್‌ಸ್ಟಾರ್ಟ್ ಎಫ್‌ಸಿ ಹಾಗೂ ಬೆಂಗಳೂರು ಯುನೈಟೆಡ್ ಎಂಬ ಎರಡು ಸ್ಥಳೀಯ ತಂಡಗಳೂ ಕಣದಲ್ಲಿದ್ದವು. ಫೆಬ್ರುವರಿ 14ರ ಫೈನಲ್ ಈ ಲೀಗ್‌ನ ಅತ್ಯುತ್ತಮ ಪಂದ್ಯಗಳಲ್ಲಿ ಒಂದು. ಗೋಕುಲಂ ಕೇರಳ ಮೊದಲೇ ಎರಡು ಗೋಲು ಗಳಿಸಿ ಮುಂದಿತ್ತು. ಇಂಫಾಲದ ಕ್ರಿಫ್ಸಾ ತಂಡ ಬಿಡದೆ ಬೆನ್ನಟ್ಟಿ 2–2 ಸಮ ಮಾಡಿಕೊಂಡಿತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗುವುದೇ ಖಚಿತ ಎನ್ನುವಾಗ, 87ನೇ ನಿಮಿಷದಲ್ಲಿ ನೇಪಾಳದ ಸಾಬಿತ್ರಾ ಭಂಡಾರಿ ಗೋಲು ಹೊಡೆದು ಗೋಕುಲಂಗೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಇಂಥ ಪಂದ್ಯವೊಂದು ನಡೆದ ಊರಿನಲ್ಲಿ ಮುಂದಿನ ವಾರ ಇನ್ನೊಂದು ಪಂದ್ಯವಿದ್ದಿದ್ದರೆ ಹೊಸ ಪ್ರೇಕ್ಷಕರು ಖಂಡಿತ ಬರುತ್ತಿದ್ದರು. ಮುಂದಿನ ವಾರ ಏನೂ ಇರಲಿಲ್ಲ. ಒಂದೇ ಊರಿನಲ್ಲಿ ನಡೆಸುವ ಟೂರ್ನಿಯ ನಿಜವಾದ ನಷ್ಟ ಇದೇ. ಆಟ ಒಂದು ಊರಿಗೆ ಅತಿಥಿಯಾಗಿ ಬರುತ್ತದೆ, ಪರಿಚಯವಾಗುವಷ್ಟರಲ್ಲಿ ಹೊರಟುಹೋಗುತ್ತದೆ. ಗೆದ್ದ ತಂಡದ ತವರಾದ ಕೋಯಿಕ್ಕೋಡ್‌ನ ಜನ ತಮ್ಮ ಚಾಂಪಿಯನ್ನರು ಆಡುವುದನ್ನು ತಮ್ಮ ಊರಿನಲ್ಲಿ ನೋಡಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

26 ತಿಂಗಳ ಮೌನ, ಬಳಿಕ ಒಂದು ಅಮಾನತು

ಬೆಂಗಳೂರಿನ ಫೈನಲ್ ನಡೆದು ತಿಂಗಳು ಕಳೆಯುವಷ್ಟರಲ್ಲಿ ಕೋವಿಡ್ ಲಾಕ್‌ಡೌನ್ ಬಂತು. ರೋಗ ಎಲ್ಲರಿಗೂ ಒಂದೇ ಆಗಿತ್ತು, ಅದಕ್ಕೆ ಕೊಟ್ಟ ಪರಿಹಾರ ಒಂದೇ ಆಗಿರಲಿಲ್ಲ. ಪುರುಷರ ಇಂಡಿಯನ್ ಸೂಪರ್ ಲೀಗ್‌ನ 2020–21ರ ಆವೃತ್ತಿಯನ್ನು ಗೋವಾದಲ್ಲಿ ಜೈವಿಕ ಸುರಕ್ಷಾ ವಲಯ ನಿರ್ಮಿಸಿ ಪೂರ್ತಿಯಾಗಿ ನಡೆಸಲಾಯಿತು. ಮಹಿಳಾ ಲೀಗ್‌ನ ಅದೇ ಆವೃತ್ತಿ ನಡೆಯಲೇ ಇಲ್ಲ. 2020ರ ಫೆಬ್ರುವರಿ 14ರ ನಂತರದ ಮುಂದಿನ ಲೀಗ್ ಪಂದ್ಯ ನಡೆದದ್ದು 2022ರ ಏಪ್ರಿಲ್ 15ರಂದು. ಇಪ್ಪತ್ತರ ಆಸುಪಾಸಿನ ಆಟಗಾರ್ತಿಗೆ 26 ತಿಂಗಳು ಸಣ್ಣ ಅವಧಿಯಲ್ಲ. ಆ ವಯಸ್ಸಿನಲ್ಲಿ ಮನೆಯವರು ಮದುವೆಯ ಮಾತೆತ್ತುತ್ತಾರೆ, ಪರೀಕ್ಷೆಗಳು ಎದುರಾಗುತ್ತವೆ, ನೌಕರಿ ಹುಡುಕಬೇಕಾಗುತ್ತದೆ. ಆಟವನ್ನು ಬಿಡಲು ಕಾರಣಗಳು ಸಾಲುಗಟ್ಟಿ ನಿಂತಿರುವಾಗ, ಮುಂದುವರಿಸಲು ಲೀಗ್ ಎಂಬ ಒಂದೇ ಕಾರಣವೂ ಇಲ್ಲವಾಗಿತ್ತು.

2022 ಈ ಪ್ರಕರಣದ ಅತ್ಯಂತ ಕಷ್ಟದ ವರ್ಷ. ಆ ಜನವರಿಯಲ್ಲಿ ಭಾರತವೇ ಆತಿಥ್ಯ ವಹಿಸಿದ್ದ ಏಷ್ಯಾ ಕಪ್‌ನಲ್ಲಿ ಇರಾನ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿದ ಬಳಿಕ ತಂಡದ ಶಿಬಿರದಲ್ಲಿ ಕೋವಿಡ್ ಹರಡಿತು. ಜನವರಿ 23ರಂದು ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಸಲು ಸಾಕಷ್ಟು ಆಟಗಾರ್ತಿಯರೇ ಉಳಿಯದೆ ಭಾರತ ಟೂರ್ನಿಯಿಂದ ಹೊರಬಿತ್ತು. ಏಪ್ರಿಲ್–ಮೇ ತಿಂಗಳಲ್ಲಿ ಭುವನೇಶ್ವರದಲ್ಲಿ ಲೀಗ್ ಮರಳಿ ಬಂದದ್ದು ಸಮಾಧಾನದ ವಿಷಯ. ಈ ಬಾರಿ ನಾಕೌಟ್ ಹಂತವಿಲ್ಲದೆ, 12 ತಂಡಗಳು ಪರಸ್ಪರ ಒಮ್ಮೆ ಆಡುವ ನಿಜವಾದ ಲೀಗ್ ಮಾದರಿಯನ್ನು ಮೊದಲ ಸಲ ಅಳವಡಿಸಲಾಯಿತು. ಪ್ರತಿ ತಂಡಕ್ಕೆ ಆರು ವಾರಗಳಲ್ಲಿ 11 ಪಂದ್ಯ ಸಿಕ್ಕವು. ಆಂಟನಿ ಆಂಡ್ರ್ಯೂಸ್ ತರಬೇತಿಯ ಗೋಕುಲಂ ಕೇರಳ 11ಕ್ಕೆ 11 ಪಂದ್ಯಗಳನ್ನೂ ಗೆದ್ದು ಪ್ರಶಸ್ತಿ ಉಳಿಸಿಕೊಂಡಿತು. ಘಾನಾದ ಎಲ್ಶದಾಯ್ ಅಚಿಯಾಂಪಾಂಗ್ 20 ಗೋಲು ಗಳಿಸಿದರು.

ಈ ಗೆಲುವಿನ ಫಲವಾಗಿ ಗೋಕುಲಂಗೆ ಏಷ್ಯಾದ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್‌ಗೆ ಎರಡನೇ ಬಾರಿ ಹೋಗುವ ಅವಕಾಶ ದೊರೆಯಿತು. 2021ರ ನವೆಂಬರ್‌ನಲ್ಲಿ ಜೋರ್ಡಾನ್‌ನ ಅಕಬಾದಲ್ಲಿ ಆಡಿದಾಗ ತಂಡ ಎರಡು ಪಂದ್ಯ ಸೋತು, ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ವಿರುದ್ಧ 3–1ರಿಂದ ಗೆದ್ದಿತ್ತು. ಹಾಗಾಗಿ ಈ ಬಾರಿ ನಿರೀಕ್ಷೆ ಹೆಚ್ಚಿತ್ತು. 2022ರ ಆಗಸ್ಟ್ 16ರಂದು ತಂಡ ಉಜ್ಬೇಕಿಸ್ತಾನಕ್ಕೆ ಬಂದಿಳಿಯಿತು. ಅಷ್ಟರಲ್ಲಿ ಮೂರನೆಯವರ ಹಸ್ತಕ್ಷೇಪದ ಕಾರಣ ನೀಡಿ ಫಿಫಾ ಭಾರತದ ಫೆಡರೇಷನ್ ಅನ್ನು ಅಮಾನತು ಮಾಡಿತ್ತು. ಅಮಾನತಿನಲ್ಲಿರುವ ದೇಶದ ಯಾವ ಕ್ಲಬ್ಬೂ ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಆಡುವಂತಿಲ್ಲ. ಆಟಗಾರ್ತಿಯರು ಆಡಲು ಬಂದ ದೇಶದ ಹೋಟೆಲ್‌ನಲ್ಲಿ ಕುಳಿತು, ಆಡಬಹುದೋ ಇಲ್ಲವೋ ಎಂಬ ಸುದ್ದಿಗಾಗಿ ಕಾದರು. ತಮ್ಮ ತಪ್ಪೇನೂ ಇಲ್ಲ, ಮಧ್ಯೆ ಪ್ರವೇಶಿಸಿ ಎಂದು ಪ್ರಧಾನಿಗೆ ಮನವಿ ಮಾಡಿದರು. ಕೇಂದ್ರ ಕ್ರೀಡಾ ಸಚಿವಾಲಯ ಫಿಫಾಕ್ಕೂ ಏಷ್ಯಾದ ಒಕ್ಕೂಟಕ್ಕೂ ಪತ್ರ ಬರೆಯಿತು. ಅನುಮತಿ ದೊರೆಯಲಿಲ್ಲ, ತಂಡ ಒಂದು ಚೆಂಡನ್ನೂ ಒದೆಯದೆ ಮರಳಿತು. ಅಮಾನತು ತೆರವಾದದ್ದು ಆಗಸ್ಟ್ 26ರಂದು, ಕೇವಲ ಹತ್ತು ದಿನಗಳ ನಂತರ.

ಇದನ್ನು ದುರದೃಷ್ಟ ಎಂದು ಕರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫೆಡರೇಷನ್‌ನ ಚುನಾವಣೆ, ಸಂವಿಧಾನ, ನ್ಯಾಯಾಲಯ ನೇಮಿಸಿದ ಆಡಳಿತ ಸಮಿತಿ ಇವುಗಳ ಸುತ್ತ ಹಲವು ವರ್ಷಗಳಿಂದ ಬೆಳೆದು ಬಂದ ವ್ಯಾಜ್ಯದ ಫಲ ಅದು. ಅದರಲ್ಲಿ ಮಹಿಳಾ ಆಟಗಾರ್ತಿಯರ ಪಾತ್ರ ಲವಲೇಶವೂ ಇರಲಿಲ್ಲ. ಆದರೂ ದಂಡ ತೆತ್ತವರು ಅವರು. ವರ್ಷಕ್ಕೆ ಮೂವತ್ತು ಪಂದ್ಯ ಆಡುವವರಿಗೆ ಎರಡು ಪಂದ್ಯ ತಪ್ಪಿದರೆ ಅದು ನಷ್ಟ, ಹನ್ನೊಂದು ಲೀಗ್ ಪಂದ್ಯ ಆಡುವವರಿಗೆ ಏಷ್ಯಾದ ಟೂರ್ನಿಯೇ ತಪ್ಪಿದರೆ ಆ ವರ್ಷವೇ ಹೋದಂತೆ.

ತಂಡಗಳು ಹೆಚ್ಚಾದಾಗ ಕಂಡದ್ದು

ಆರನೇ ಆವೃತ್ತಿಯನ್ನು 2023ರ ಏಪ್ರಿಲ್ 26ರಿಂದ ಮೇ 21ರವರೆಗೆ ಅಹಮದಾಬಾದ್‌ನಲ್ಲಿ ನಡೆಸಲಾಯಿತು. ಈ ಬಾರಿ 16 ತಂಡಗಳು. ಅಂಕಿಯ ದೃಷ್ಟಿಯಿಂದ ಇದು ಲೀಗ್‌ನ ಅತಿ ದೊಡ್ಡ ಆವೃತ್ತಿ. ಆದರೆ ಗುಜರಾತಿನ ಬಿಸಿಲು ನೆತ್ತಿ ಸುಡುವ ತಿಂಗಳಲ್ಲಿ, ಚಾಂಪಿಯನ್ ಆಗುವ ತಂಡ 26 ದಿನಗಳಲ್ಲಿ ಹತ್ತು ಪಂದ್ಯ ಆಡಬೇಕಾದ ವೇಳಾಪಟ್ಟಿ ಅದಾಗಿತ್ತು. ಹಿಂದಿನ ವರ್ಷ ಆರು ವಾರಗಳಲ್ಲಿ 11 ಪಂದ್ಯವಿದ್ದ ಕಡೆ ಈಗ ನಾಲ್ಕು ವಾರಕ್ಕೂ ಕಡಿಮೆ ಅವಧಿಯಲ್ಲಿ 10. ಅಂಥ ವೇಳಾಪಟ್ಟಿಯಲ್ಲಿ ತರಬೇತುದಾರರು ಹೊಸದನ್ನು ಕಲಿಸಲಾರರು. ಒಂದು ಪಂದ್ಯದ ದಣಿವು ಆರಿಸಿ ಮುಂದಿನ ಪಂದ್ಯಕ್ಕೆ ತಂಡವನ್ನು ನಿಲ್ಲಿಸುವುದರಲ್ಲೇ ಅವರ ದಿನ ಮುಗಿಯುತ್ತದೆ. ಸ್ನಾಯು ನೋವಿದ್ದ ಆಟಗಾರ್ತಿಗೆ ಒಂದು ವಾರ ವಿಶ್ರಾಂತಿ ಕೊಟ್ಟರೆ ಟೂರ್ನಿಯ ಕಾಲು ಭಾಗವೇ ಅವಳಿಗೆ ತಪ್ಪುತ್ತದೆ. ಹಾಗಾಗಿ ನೋವಿನಲ್ಲೇ ಆಡುವ ಒತ್ತಡ ತಾನಾಗಿ ಹುಟ್ಟುತ್ತದೆ.

ಆ ಆವೃತ್ತಿಯಲ್ಲಿ ಸಾಬಿತ್ರಾ ಭಂಡಾರಿ ಒಬ್ಬರೇ 29 ಗೋಲು ಗಳಿಸಿದರು. ಅವರ ಸಾಮರ್ಥ್ಯದ ಬಗ್ಗೆ ಯಾರಿಗೂ ಅನುಮಾನವಿರಲಾರದು. ಮುಂದೆ ಅವರು ಫ್ರಾನ್ಸ್‌ನ ಗ್ಯಾಂಗಾಂಪ್ ಕ್ಲಬ್ ಸೇರಿ ಅಲ್ಲಿನ ಅಗ್ರ ಲೀಗ್‌ನಲ್ಲಿ ಆಡಿದರು. ಆದರೆ ತಂಡದ ಹತ್ತು ಪಂದ್ಯಗಳ ಟೂರ್ನಿಯಲ್ಲಿ ಒಬ್ಬ ಆಟಗಾರ್ತಿ ಸರಾಸರಿ ಮೂರರಂತೆ ಗೋಲು ಹೊಡೆದರೆ ಅದು ಎದುರಾಳಿ ತಂಡಗಳ ಸ್ಥಿತಿಯನ್ನೂ ಹೇಳುತ್ತದೆ. ವರ್ಷವಿಡೀ ಒಟ್ಟಿಗೆ ಇರುವ, ಸಂಬಳ ಪಡೆಯುವ ಒಂದೆರಡು ತಂಡಗಳು ಒಂದು ಕಡೆ. ಟೂರ್ನಿಗೆ ಮೊದಲು ಕೆಲವು ವಾರ ಸೇರಿ ಅಭ್ಯಾಸ ಮಾಡಿ ಬಂದ ತಂಡಗಳು ಇನ್ನೊಂದು ಕಡೆ. ತಂಡಗಳ ಸಂಖ್ಯೆಯನ್ನು ಹಿಗ್ಗಿಸಿದ್ದರಿಂದ ಈ ಅಂತರ ತುಂಬಲಿಲ್ಲ, ಹೆಚ್ಚು ಸ್ಪಷ್ಟವಾಗಿ ಕಣ್ಣಿಗೆ ಬಿತ್ತು.

ಕರ್ನಾಟಕದ ಮಟ್ಟಿಗೆ ಆ ಆವೃತ್ತಿಗೆ ವಿಶೇಷ ಮಹತ್ವವಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಮೊದಲ ಬಾರಿಗೆ ಫೈನಲ್ ತಲುಪಿತು. ಗೋಕುಲಂ ಎದುರು ಅಲ್ಲಿ 0–5ರಿಂದ ಸೋತರೂ, ಐಎಸ್‌ಎಲ್‌ನ ಬೆಂಬಲವಿಲ್ಲದ ಕ್ಲಬ್ಬೊಂದು ದೇಶದ ಎರಡನೇ ಸ್ಥಾನಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ. ನಂತರ ತವರು ಮತ್ತು ಹೊರಗಿನ ಅಂಗಣಗಳ ಮಾದರಿ ಬಂದಾಗ ಕಿಕ್‌ಸ್ಟಾರ್ಟ್ ತನ್ನ ತವರಿನ ಪಂದ್ಯಗಳಿಗೆ ಬೆಂಗಳೂರಿನ ಹೊರವಲಯದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರವನ್ನು ಆಯ್ದುಕೊಂಡಿತು. ಒಳ್ಳೆಯ ಹುಲ್ಲಿನ ಅಂಗಣ, ಒಳ್ಳೆಯ ಸೌಲಭ್ಯ. ಆದರೆ ನಗರದ ನಡುವೆ ಇರುವ ಅಶೋಕನಗರದ ಕ್ರೀಡಾಂಗಣಕ್ಕೆ ಕಾಲೇಜು ಮುಗಿಸಿ ಬಸ್ಸಿನಲ್ಲಿ ಬರಬಹುದಾದ ಹುಡುಗಿಗೆ ಅಲ್ಲಿಗೆ ಹೋಗಿಬರುವುದು ಅಷ್ಟು ಸುಲಭವಲ್ಲ. ಪ್ರೇಕ್ಷಕರನ್ನು ಬೆಳೆಸುವ ಮಾತು ಬಂದಾಗಲೆಲ್ಲ ಈ ಸಾರಿಗೆಯ ಪ್ರಶ್ನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹದಿನಾರರಿಂದ ಏಳಕ್ಕೆ

2023–24ರ ಆವೃತ್ತಿಗೆ ಫೆಡರೇಷನ್ ತೆಗೆದುಕೊಂಡ ತೀರ್ಮಾನ ಮೇಲ್ನೋಟಕ್ಕೆ ಹಿಂದಡಿ ಇಟ್ಟಂತೆ ಕಾಣುತ್ತದೆ. 16 ತಂಡಗಳ ಜಾಗದಲ್ಲಿ ಏಳೇ ತಂಡಗಳು ಉಳಿದವು. ಉಳಿದವರಿಗಾಗಿ ಎರಡನೇ ದರ್ಜೆಯ ಲೀಗ್ ಆರಂಭವಾಗಿ, ಬಡ್ತಿ ಹಾಗೂ ಹಿಂಬಡ್ತಿಯ ಪದ್ಧತಿ ಬಂತು. ಮೊದಲ ದರ್ಜೆಯ ತಂಡಗಳು 2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗೆ ಒಮ್ಮೆ ತಮ್ಮ ತವರಿನಲ್ಲಿ, ಒಮ್ಮೆ ಎದುರಾಳಿಯ ತವರಿನಲ್ಲಿ ಆಡಿದವು. ತಲಾ 12 ಪಂದ್ಯ, ಒಟ್ಟು 42. ಮುಂದಿನ ವರ್ಷ ತಂಡಗಳು ಎಂಟಾದಾಗ ತಲಾ 14 ಪಂದ್ಯ, ಒಟ್ಟು 56.

ಪಂದ್ಯಗಳ ಸಂಖ್ಯೆ ಮಾತ್ರ ನೋಡಿದರೆ 11ರಿಂದ 14ಕ್ಕೆ ಏರಿದ್ದು ದೊಡ್ಡ ಜಿಗಿತವೆನಿಸದು. ಆದರೆ ಅವು ಹರಡಿಕೊಂಡ ಅವಧಿಯನ್ನು ನೋಡಬೇಕು. 14 ವಾರಗಳಲ್ಲಿ 14 ಪಂದ್ಯವೆಂದರೆ ಸರಾಸರಿ ವಾರಕ್ಕೊಂದು. ಆಗ ಸೋಮವಾರ ಹಿಂದಿನ ಪಂದ್ಯದ ದೃಶ್ಯ ನೋಡಿ ತಪ್ಪು ತಿದ್ದಿಕೊಳ್ಳಲು, ವಾರದ ನಡುವೆ ಕಠಿಣ ಅಭ್ಯಾಸ ಮಾಡಲು, ಗಾಯವಾದರೆ ಸರಿಯಾಗಿ ಗುಣವಾಗಿ ಮರಳಲು ಕಾಲಾವಕಾಶವಿರುತ್ತದೆ. ಲೀಗ್ ಹದಿನಾಲ್ಕು ವಾರ ನಡೆದರೆ ಅದಕ್ಕೂ ಮುಂಚಿನ ಸಿದ್ಧತೆಯ ಅವಧಿಯನ್ನು ಸೇರಿಸಿ ಕ್ಲಬ್ ತನ್ನ ಆಟಗಾರ್ತಿಯರನ್ನು ತಿಂಗಳುಗಟ್ಟಲೆ ಒಪ್ಪಂದದಲ್ಲಿ ಇಟ್ಟುಕೊಳ್ಳಲೇಬೇಕಾಗುತ್ತದೆ. ಹೀಗೆ ಕ್ಯಾಲೆಂಡರ್ ಹಿಗ್ಗಿದ್ದರಿಂದ ಉದ್ಯೋಗದ ಅವಧಿಯೂ ಹಿಗ್ಗಿತು. ಈ ಒಂದು ತೀರ್ಮಾನವನ್ನು ನಾನು ಲೀಗ್‌ನ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದದ್ದೆಂದು ಪರಿಗಣಿಸುತ್ತೇನೆ. ಅದಕ್ಕೆ ತೆತ್ತ ಬೆಲೆ, ಅಂದರೆ ಮೇಲಿನ ದರ್ಜೆಯಿಂದ ಹೊರಗುಳಿದ ಸಣ್ಣ ಕ್ಲಬ್‌ಗಳು, ನನ್ನ ಕಣ್ಣ ಮುಂದಿದ್ದರೂ ಈ ಅಭಿಪ್ರಾಯ ಬದಲಾಗುವುದಿಲ್ಲ.

ಇದಕ್ಕೆ ಹೊಂದಿಕೊಂಡಂತೆ ಬಂದ ಇನ್ನೊಂದು ಕ್ರಮ ಕನಿಷ್ಠ ವೇತನದ್ದು. ಮೇಲಿನ ದರ್ಜೆಯ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ತಲಾ ₹3.2 ಲಕ್ಷ ಕೊಡಬೇಕೆಂದು ಫೆಡರೇಷನ್ 2023ರ ಮಾರ್ಚ್‌ನಲ್ಲಿ ಪ್ರಕಟಿಸಿತು. ತಿಂಗಳಿಗೆ ಭಾಗಿಸಿದರೆ ಅದು ಸುಮಾರು ₹26,700. ಅದೇ ವರ್ಷದ ಫೆಬ್ರುವರಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಹರಾಜಿನಲ್ಲಿ ಬೆಂಗಳೂರು ತಂಡ ಸ್ಮೃತಿ ಮಂದಾನ ಅವರನ್ನು ₹3.4 ಕೋಟಿಗೆ ಕೊಂಡಿತ್ತು. ಅಲ್ಲಿನ ಐದು ಫ್ರಾಂಚೈಸಿಗಳು ಒಟ್ಟು ₹4,669.99 ಕೋಟಿಗೆ ಮಾರಾಟವಾಗಿದ್ದವು. ಕ್ರಿಕೆಟ್ ಆಟಗಾರ್ತಿಯರಿಗೆ ಅಷ್ಟು ಸಿಕ್ಕಿದ್ದು ಸಂತೋಷದ ಸಂಗತಿ, ಅವರೂ ದಶಕಗಳ ಕಾಲ ಕಾದವರೇ. ಈ ಹೋಲಿಕೆ ತರುವ ಉದ್ದೇಶ ಬೇರೆ. ಪ್ರಸಾರದ ಹಕ್ಕು ಕೊಳ್ಳುವವರು ಇದ್ದಾಗ ಮಹಿಳಾ ಕ್ರೀಡೆಗೆ ಮಾರುಕಟ್ಟೆ ಇದೆ ಎಂಬುದು ಅದೇ ಬೇಸಿಗೆಯಲ್ಲಿ ಸಾಬೀತಾಗಿತ್ತು. ಮಹಿಳಾ ಫುಟ್‌ಬಾಲ್ ಪಂದ್ಯಗಳನ್ನು ಆಗಲೂ ಹೆಚ್ಚಾಗಿ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಬೇಕಾಗಿತ್ತು.

ಕ್ಲಬ್‌ಗಳೊಳಗೆ ಮಹಿಳಾ ತಂಡದ ಸ್ಥಾನ ಎಷ್ಟು ಅಭದ್ರ ಎಂಬುದಕ್ಕೆ ಅದೇ ವರ್ಷದ ಇನ್ನೊಂದು ಘಟನೆಯನ್ನು ನೋಡಬಹುದು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ವಿರುದ್ಧದ ಐಎಸ್‌ಎಲ್ ಪಂದ್ಯದ ವೇಳೆ, ಸುನಿಲ್ ಚೆಟ್ರಿ ಫ್ರೀಕಿಕ್‌ನಿಂದ ಗಳಿಸಿದ ಗೋಲನ್ನು ವಿರೋಧಿಸಿ ಕೇರಳ ಬ್ಲಾಸ್ಟರ್ಸ್‌ನ ಪುರುಷರ ತಂಡ ಅಂಗಣ ಬಿಟ್ಟು ಹೊರನಡೆಯಿತು. ಫೆಡರೇಷನ್ ಕ್ಲಬ್‌ಗೆ ₹4 ಕೋಟಿ ದಂಡ ವಿಧಿಸಿತು. ಜೂನ್‌ನಲ್ಲಿ ಬ್ಲಾಸ್ಟರ್ಸ್, ದಂಡದಿಂದಾದ ಆರ್ಥಿಕ ಹೊರೆಯ ಕಾರಣ ಕೊಟ್ಟು, ಹಿಂದಿನ ವರ್ಷವಷ್ಟೇ ಕಟ್ಟಿದ್ದ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಪುರುಷರು ಅಂಗಣ ಬಿಟ್ಟದ್ದಕ್ಕೆ ಮಹಿಳೆಯರು ಕೆಲಸ ಕಳೆದುಕೊಂಡರು. ಕ್ಲಬ್‌ನ ಲೆಕ್ಕಪತ್ರದಲ್ಲಿ ಮಹಿಳಾ ತಂಡ ಮೊದಲು ಕತ್ತರಿಸಬಹುದಾದ ಬಾಬತ್ತಾಗಿರುವವರೆಗೆ ಯಾವ ಮಾದರಿಯ ಲೀಗ್ ಕಟ್ಟಿದರೂ ಅದರ ತಳಪಾಯ ಗಟ್ಟಿಯಾಗದು.

ಫಲ ಮತ್ತು ಉಳಿದ ಕೆಲಸ

ತವರು–ಹೊರಗಿನ ಮಾದರಿಯ ಮೊದಲ ಪ್ರಶಸ್ತಿಯನ್ನು ಕ್ರಿಸ್ಪಿನ್ ಛೆಟ್ರಿ ತರಬೇತಿಯ ಒಡಿಶಾ ಎಫ್‌ಸಿ ಗೆದ್ದಿತು. ಗೋಕುಲಂ ಎರಡನೇ ಸ್ಥಾನಕ್ಕಿಳಿಯಿತು, ಅದರ ಏಕಸ್ವಾಮ್ಯ ಮುಗಿಯಿತು. 2024–25ರಲ್ಲಿ ಈಸ್ಟ್ ಬೆಂಗಾಲ್ ಚಾಂಪಿಯನ್ ಆಯಿತು. ಕಲ್ಯಾಣಿಯಲ್ಲಿ ಒಡಿಶಾ ವಿರುದ್ಧ ಸೌಮ್ಯಾ ಗುಗುಲೋತ್ ಗಳಿಸಿದ ಒಂದೇ ಗೋಲು ಪ್ರಶಸ್ತಿಯನ್ನು ಖಚಿತಪಡಿಸಿತು. ಅದರ ತರಬೇತುದಾರರೂ ಆಂಟನಿ ಆಂಡ್ರ್ಯೂಸ್ ಅವರೇ. ಆ ಆವೃತ್ತಿಯಲ್ಲಿ ಅತ್ಯಧಿಕ ಗೋಲು ಗಳಿಸಿದವರು ಗೋಕುಲಂನ ಉಗಾಂಡ ಆಟಗಾರ್ತಿ ಫಾಜಿಲಾ ಇಕ್ವಾಪುಟ್. 14 ಪಂದ್ಯಗಳ ಲೀಗ್‌ನಲ್ಲಿ ಅವರದು 24 ಗೋಲು. ಸಾಬಿತ್ರಾ ಅವರ ಕಾಲಕ್ಕೆ ಹೋಲಿಸಿದರೆ ಪಂದ್ಯವೊಂದಕ್ಕೆ ಸರಾಸರಿ ಸುಮಾರು ಮೂರರಿಂದ ಎರಡಕ್ಕಿಂತ ಕೆಳಗೆ ಇಳಿದಿದೆ, ಅಂದರೆ ರಕ್ಷಣೆಗಳು ಗಟ್ಟಿಯಾಗಿವೆ. ಘಾನಾ, ನೇಪಾಳ, ಉಗಾಂಡಗಳಿಂದ ಬಂದವರು ಗೋಲು ಗಳಿಕೆಯಲ್ಲಿ ಮುಂದಿರುವುದು ಮಾತ್ರ ಬದಲಾಗಿಲ್ಲ. ಅವರೊಂದಿಗೆ ಆಡಿ ನಮ್ಮ ಡಿಫೆಂಡರ್‌ಗಳು ಕಲಿತಿದ್ದಾರೆ ನಿಜ. ಆದರೆ ಮೊದಲ ಆವೃತ್ತಿಯಲ್ಲಿ ಕಮಲಾ ದೇವಿ ನಿಂತಿದ್ದ ಜಾಗದಲ್ಲಿ ನಿಲ್ಲುವ ಭಾರತೀಯ ಸ್ಟ್ರೈಕರ್‌ಗೆ ಎಷ್ಟು ನಿಮಿಷ ಆಟ ಸಿಗುತ್ತಿದೆ ಎಂಬುದನ್ನು ಫೆಡರೇಷನ್ ಗಮನಿಸುತ್ತಿರಬೇಕು.

ಏಷ್ಯಾ ಮಟ್ಟದಲ್ಲಿ ನಮ್ಮ ಕ್ಲಬ್‌ಗಳು ಎಲ್ಲಿವೆ ಎಂಬುದಕ್ಕೆ ಎರಡು ಫಲಿತಾಂಶಗಳು ಸಾಕು. 2024ರ ಅಕ್ಟೋಬರ್‌ನಲ್ಲಿ ಹೊಸದಾಗಿ ಆರಂಭವಾದ ಏಷ್ಯಾ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಒಡಿಶಾ ಎಫ್‌ಸಿ ಜಪಾನಿನ ಉರಾವಾ ರೆಡ್ ಡೈಮಂಡ್ಸ್ ಎದುರು 0–17ರಿಂದ ಸೋತಿತು. 2025ರ ನವೆಂಬರ್‌ನಲ್ಲಿ ಅದೇ ಟೂರ್ನಿಯ ಗುಂಪು ಹಂತದಲ್ಲಿ ಈಸ್ಟ್ ಬೆಂಗಾಲ್ ವುಹಾನ್‌ನಲ್ಲಿ ಇರಾನಿನ ಬಾಮ್ ಖಾತೂನ್ ತಂಡವನ್ನು 3–1ರಿಂದ ಮಣಿಸಿತು, ಉಳಿದೆರಡು ಪಂದ್ಯಗಳಲ್ಲಿ ಸೋತಿತು. ಜಪಾನ್‌ಗೂ ನಮಗೂ ಇರುವ ದೂರ ಒಂದೆರಡು ವರ್ಷಗಳಲ್ಲಿ ಕ್ರಮಿಸುವಂಥದ್ದಲ್ಲ, ಪಶ್ಚಿಮ ಏಷ್ಯಾದ ತಂಡಗಳ ಸಮಕ್ಕೆ ಬಂದಿದ್ದೇವೆ. ರಾಷ್ಟ್ರೀಯ ತಂಡದ ಸಾಧನೆ ಇನ್ನೂ ಹಿರಿದು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ, ವಿಶ್ವ ಕ್ರಮಾಂಕದಲ್ಲಿ 70ನೇ ಸ್ಥಾನದಲ್ಲಿದ್ದ ಭಾರತ 46ನೇ ಸ್ಥಾನದ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಅರ್ಹತಾ ಸುತ್ತಿನ ಮೂಲಕ ಭಾರತ ಈ ಟೂರ್ನಿಗೆ ಹೋದದ್ದು ಇದೇ ಮೊದಲು. ಎರಡೂ ಗೋಲು ಮಿಡ್‌ಫೀಲ್ಡರ್ ಸಂಗೀತಾ ಬಸ್ಫೋರ್ ಅವರದು, ತರಬೇತುದಾರರು ಒಡಿಶಾಕ್ಕೆ ಪ್ರಶಸ್ತಿ ತಂದಿದ್ದ ಕ್ರಿಸ್ಪಿನ್ ಛೆಟ್ರಿ. ಈ ಗೆಲುವಿಗೆ ಲೀಗ್ ಒಂದೇ ಕಾರಣ ಎನ್ನಲಾಗದು. ಆದರೆ ತಂಡದ ಬಹುಪಾಲು ಆಟಗಾರ್ತಿಯರು ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಈ ಲೀಗ್‌ನಲ್ಲಿ ವಾರಕ್ಕೊಂದು ಪಂದ್ಯ ಆಡಿ ಬಂದವರೇ ಎಂಬುದನ್ನು ಬದಿಗಿಡಲೂ ಆಗದು.

ಆಟಗಾರ್ತಿಯರ ಸುರಕ್ಷತೆಯ ವಿಷಯವನ್ನು ಬಿಟ್ಟು ಈ ಅಧ್ಯಯನ ಮುಗಿಸುವುದು ಸರಿಯಲ್ಲ. 2024ರ ಮಾರ್ಚ್‌ನಲ್ಲಿ ಎರಡನೇ ದರ್ಜೆಯ ಲೀಗ್‌ಗಾಗಿ ಗೋವಾಕ್ಕೆ ಹೋಗಿದ್ದ ಹಿಮಾಚಲ ಪ್ರದೇಶದ ತಂಡವೊಂದರ ಇಬ್ಬರು ಆಟಗಾರ್ತಿಯರು, ಫೆಡರೇಷನ್‌ನ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ತಮ್ಮ ಮೇಲೆ ಹಲ್ಲೆ ನಡೆಸಿದರೆಂದು ದೂರು ಕೊಟ್ಟರು. ಫೆಡರೇಷನ್ ಆ ಸದಸ್ಯರನ್ನು ಅಮಾನತಿನಲ್ಲಿಟ್ಟಿತು. ಹೊರ ಊರಿನ ಹೋಟೆಲ್‌ಗಳಲ್ಲಿ ವಾರಗಟ್ಟಲೆ ಉಳಿಯಬೇಕಾದ ಹುಡುಗಿಯರ ಜೊತೆ ದೂರು ಕೇಳುವ ಅಧಿಕಾರವಿರುವ, ಕ್ಲಬ್‌ಗೂ ಫೆಡರೇಷನ್‌ಗೂ ಸೇರದ ಒಬ್ಬ ಮಹಿಳಾ ಅಧಿಕಾರಿ ಇರುವುದು ಕಡ್ಡಾಯವಾಗಬೇಕು. ಮಗಳನ್ನು ದೂರದ ರಾಜ್ಯಕ್ಕೆ ಆಡಲು ಕಳಿಸಬೇಕೇ ಎಂದು ಯೋಚಿಸುವ ತಂದೆತಾಯಿಗೆ ಬಹುಮಾನದ ಮೊತ್ತಕ್ಕಿಂತ ಮೊದಲು ಬೇಕಾದ ಉತ್ತರ ಇದು.

ಸದ್ಯಕ್ಕೆ ಅತಿ ತುರ್ತಿನ ಪ್ರಶ್ನೆ ಹಿಂಬಡ್ತಿಯದು. 2023–24ರ ಚಾಂಪಿಯನ್ ಒಡಿಶಾ ಎಫ್‌ಸಿ ಮರುವರ್ಷವೇ ಕೆಳಗಿನ ಎರಡು ಸ್ಥಾನಗಳಲ್ಲಿ ಒಂದಕ್ಕೆ ಕುಸಿದು ಎರಡನೇ ದರ್ಜೆಗೆ ಇಳಿಯಿತು. ಸ್ಪರ್ಧೆಯ ನಿಯಮಕ್ಕೆ ಅದು ಸರಿ, ಗಢ್ವಾಲ್ ಯುನೈಟೆಡ್ ಮತ್ತು ಸೆಸಾ ಫುಟ್‌ಬಾಲ್ ಅಕಾಡೆಮಿಯಂಥ ತಂಡಗಳು ಮೇಲೆ ಬಂದದ್ದೂ ಹಾಗೆಯೇ. ಆದರೆ ಕನಿಷ್ಠ ವೇತನದ ನಿಯಮ ರೂಪುಗೊಂಡದ್ದು ಮೇಲಿನ ದರ್ಜೆಯ ಕ್ಲಬ್‌ಗಳಿಗಾಗಿ, ಅದೂ ತಂಡದ ಹತ್ತು ಆಟಗಾರ್ತಿಯರಿಗೆ ಮಾತ್ರ. ಕ್ಲಬ್ ಕೆಳಗಿಳಿದಾಗ ಒಪ್ಪಂದದ ಉಳಿದ ಅವಧಿಗೆ ಆ ವೇತನವೂ ಕಡ್ಡಾಯವಾಗಿ ಮುಂದುವರಿಯಬೇಕು. ಎರಡನೇ ದರ್ಜೆಯ ಪಂದ್ಯಗಳನ್ನೂ ಕೆಲವೇ ವಾರಗಳಲ್ಲಿ ಮುಗಿಸದೆ ತಿಂಗಳುಗಳಿಗೆ ಹರಡಬೇಕು, ಮತ್ತು ಎರಡೂ ದರ್ಜೆಗಳ ವೇಳಾಪಟ್ಟಿಯನ್ನು ಕ್ಲಬ್‌ಗಳು ಒಪ್ಪಂದಗಳಿಗೆ ಸಹಿ ಹಾಕುವ ಮೊದಲೇ ಪ್ರಕಟಿಸಬೇಕು.